ಇಸುಬಿನ ಮಗುವಿಗೆ ಯಾವ ಡಬ್ಬಿ? ಬಿಳಿ ಪೆಟ್ರೋಲಿಯಂ ಜೆಲ್ಲಿ ಬಗ್ಗೆ ಮೆಡಿಕಲ್ ಅಂಗಡಿಯವಳ ಮಾತು

ನಮ್ಮ ಅಂಗಡಿಯ ಕಪಾಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಒಂದು ಡಬ್ಬಿ ಇರುತ್ತದೆ. ಮೇಲೆ ಮಗುವಿನ ಚಿತ್ರವಿಲ್ಲ, ಹೂವಿನ ಚಿತ್ರವಿಲ್ಲ. ‘ವೈಟ್ ಪೆಟ್ರೋಲಿಯಂ ಜೆಲ್ಲಿ ಐಪಿ’ ಎಂದಷ್ಟೇ ಬರೆದಿರುತ್ತದೆ. ಕೆಲವು ಕಂಪನಿಗಳು ‘ವೈಟ್ ಸಾಫ್ಟ್ ಪ್ಯಾರಾಫಿನ್’ ಎಂದು ಬರೆಯುತ್ತವೆ, ಎರಡೂ ಒಂದೇ. ಐಪಿ ಎಂದರೆ ಭಾರತೀಯ ಔಷಧಕೋಶದ ಮಟ್ಟಕ್ಕೆ ಶುದ್ಧ ಮಾಡಿದ್ದು. ದಾವಣಗೆರೆಯ ಈ ಕೌಂಟರಿನಲ್ಲಿ ಮಾವನವರ ಕಾಲದಿಂದ ಕೂತು, ಚರ್ಮಕ್ಕೆ ಹಚ್ಚುವ ನೂರಾರು ನಮೂನೆಯ ಕ್ರೀಮು, ಲೋಷನ್ನು, ಎಣ್ಣೆ, ಪುಡಿಗಳನ್ನು ಮಾರಿದವಳಾಗಿ ಹೇಳುತ್ತೇನೆ: ಇಸುಬು ಇರುವ ಮಗುವಿನ ಮನೆಯಲ್ಲಿ ಮೊದಲು ಇರಬೇಕಾದ ವಸ್ತು ಇದು. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಯಾಕೆ ಕಳೆದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಚಳಿಗಾಳಿ ಶುರುವಾದ ಕೂಡಲೇ ನಮ್ಮಲ್ಲಿಗೆ ಬರುವ ತಾಯಂದಿರು ಕೇಳುವುದು ಒಂದೇ ಮಾತು. ‘ಅಕ್ಕಾ, ಕೂಸಿನ ಕೆನ್ನಿ ಒಡ್ದೈತಿ, ರಾತ್ರಿಯೆಲ್ಲ ಕೆರಕೊಂತೈತಿ, ಚಲೋ ಕ್ರೀಮ್ ಕೊಡ್ರಿ.’ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಸ್ವಲ್ಪ ಕೇಳಿದರೆ, ಮೊಟ್ಟೆ ತಿನ್ನಿಸಿದ ದಿನ ತುಟಿ ಊದಿತ್ತು ಎನ್ನುತ್ತಾರೆ. ದೊಡ್ಡ ಮಗನಿಗೂ ಸಣ್ಣವನಿದ್ದಾಗ ಹೀಗೇ ಇತ್ತು, ಈಗ ಅವನಿಗೆ ಉಬ್ಬಸ ಎನ್ನುತ್ತಾರೆ. ಮಗುವಿನ ತಂದೆಗೆ ಬೆಳಗ್ಗೆ ಎದ್ದರೆ ಸಾಲು ಸಾಲು ಸೀನು. ನನ್ನ ತಂಗಿಯ ಮಗನ ಕಥೆಯೂ ಇದೇ. ಮೂರು ತಿಂಗಳಿಗೆ ಕೆನ್ನೆ, ಆಮೇಲೆ ಮೊಣಕೈ, ಮೊಣಕಾಲಿನ ಹಿಂದಿನ ಮಡಿಕೆ. ಮೊದಲ ಸಲ ಮೊಟ್ಟೆಯ ಬಿಳಿಭಾಗ ಬಾಯಿಗಿಟ್ಟಾಗ ಮೈತುಂಬಾ ಪಿತ್ತಗಂಧೆ. ಶಾಲೆ ಸೇರುವ ಹೊತ್ತಿಗೆ ನೆಗಡಿ ಬಂದರೆ ಸಾಕು ಎದೆಯಲ್ಲಿ ಸುಯ್ ಸುಯ್. ಮನೆಯಲ್ಲಿ ಎಲ್ಲರೂ ಇದನ್ನು ಬೇರೆ ಬೇರೆ ದುರದೃಷ್ಟ ಎಂದುಕೊಂಡಿದ್ದರು. ಚರ್ಮಕ್ಕೆ ಒಬ್ಬ ಡಾಕ್ಟರು, ಎದೆಗೆ ಇನ್ನೊಬ್ಬರು, ಊಟದ ವಿಷಯಕ್ಕೆ ಓಣಿಯವರೆಲ್ಲರೂ. ಇವೆಲ್ಲ ಒಂದೇ ಬೇರಿನಿಂದ ಎದ್ದವು, ಆ ಬೇರು ಬಹಳ ಮಕ್ಕಳಲ್ಲಿ ಚರ್ಮದಲ್ಲೇ ಇದೆ ಎಂಬುದನ್ನು ಅವರಿಗೆ ಕೂರಿಸಿ ಹೇಳಬೇಕಾಯಿತು.

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆ. ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳ ಗಾರೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಧೂಳು, ಕ್ರಿಮಿ, ಸೋಪು ಒಳಗೆ ಇಳಿಯದಂತೆ ತಡೆಯುವುದು ಇದೇ ಪದರ. ಇದು ಗಟ್ಟಿಯಾಗಿ ಕಟ್ಟಿಕೊಳ್ಳಲು ಫಿಲಾಗ್ರಿನ್ ಎಂಬ ಪ್ರೋಟೀನ್ ಬೇಕು. ಅದು ಕೋಶಗಳ ಒಳಗಿನ ಎಳೆಗಳನ್ನು ಒತ್ತಾಗಿ ಕಟ್ಟುತ್ತದೆ; ಆಮೇಲೆ ತಾನೇ ಒಡೆದು, ಚರ್ಮದಲ್ಲಿ ನೀರು ಹಿಡಿದಿಡುವ, ಅದನ್ನು ಸ್ವಲ್ಪ ಹುಳಿಯಾಗಿ ಇಡುವ ಪದಾರ್ಥಗಳಾಗುತ್ತದೆ. ಈ ಪ್ರೋಟೀನಿನ ಜೀನ್ ಕೆಟ್ಟಿರುವವರಿಗೆ ಇಸುಬಿನ ಸಾಧ್ಯತೆ ಬಹಳ ಹೆಚ್ಚು ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ ತೋರಿಸಿಕೊಟ್ಟಿತು. ಯುರೋಪ್ ಮೂಲದವರಲ್ಲಿ ಸುಮಾರು ನೂರಕ್ಕೆ ಒಂಬತ್ತು ಜನರಲ್ಲಿ ಆ ದೋಷ ಕಂಡಿತು. ಎಲ್ಲ ಇಸುಬಿಗೂ ಇದೊಂದೇ ಕಾರಣವಲ್ಲ, ಆದರೆ ಈ ಶೋಧದಿಂದ ಯೋಚನೆಯ ದಿಕ್ಕೇ ಬದಲಾಯಿತು. ಯಾಕೆಂದರೆ ಅದೇ ಜೀನ್ ದೋಷ ಇರುವ ಇಸುಬಿನ ಮಕ್ಕಳಲ್ಲಿ ಉಬ್ಬಸವೂ ಹೆಚ್ಚಿತ್ತು, ಶೇಂಗಾ ಅಲರ್ಜಿಯೂ ಹೆಚ್ಚಿತ್ತು. ಶ್ವಾಸನಾಳದ ಒಳಪೊರೆಯಲ್ಲಿ ಫಿಲಾಗ್ರಿನ್ ಇರುವುದೇ ಇಲ್ಲ! ಮುಖ್ಯವಾಗಿ ಚರ್ಮದಲ್ಲಿ ಕೆಲಸ ಮಾಡುವ ಪ್ರೋಟೀನ್ ಕೆಟ್ಟರೆ ಎದೆಯ ರೋಗ ಹೆಚ್ಚುತ್ತದೆ ಎಂದರೆ ದಾರಿ ಚರ್ಮದ ಮೂಲಕವೇ ಹೋಗಿರಬೇಕು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಬಲವಾದ ಸಾಕ್ಷಿ ಎನಿಸುವುದು ಇದು.

ಆ ದಾರಿ ಹೀಗೆ: ಬಿರುಕು ಬಿಟ್ಟ ಚರ್ಮದ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-33 ಮುಂತಾದ ಎಚ್ಚರಿಕೆಯ ಅಣುಗಳನ್ನು ಬಿಡುಗಡೆ ಮಾಡುತ್ತವೆ. ಆ ಹೊತ್ತಿನಲ್ಲಿ ಬಿರುಕಿನಲ್ಲಿ ಏನು ಇಳಿದಿದೆಯೋ, ಅದು ಮೊಟ್ಟೆಯ ಕಣವಿರಲಿ, ಶೇಂಗಾದ ಪುಡಿಯಿರಲಿ, ಹಾಸಿಗೆ ಧೂಳಿನ ನುಸಿಯಿರಲಿ, ದೇಹದ ರಕ್ಷಣಾ ವ್ಯವಸ್ಥೆ ಅದನ್ನೇ ಶತ್ರುವೆಂದು ಗುರುತು ಹಾಕಿಕೊಂಡು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯ ಚರ್ಮದಲ್ಲೇ ನಿಲ್ಲುವುದಿಲ್ಲ, ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ನಾಳೆ ಅದೇ ವಸ್ತು ಬಾಯಿಗೆ ಬಿದ್ದರೆ ತುಟಿ ಊದುತ್ತದೆ, ಮೂಗಿಗೆ ಬಿದ್ದರೆ ಸೀನು, ಎದೆಗೆ ಇಳಿದರೆ ಉಬ್ಬಸ. ಸಾಲದ್ದಕ್ಕೆ ಈ ಗಲಾಟೆಯಲ್ಲಿ ಹುಟ್ಟುವ ಐಎಲ್-4, ಐಎಲ್-13 ಎಂಬ ಅಣುಗಳು ಚರ್ಮದಲ್ಲಿ ಫಿಲಾಗ್ರಿನ್ ತಯಾರಿಕೆಯನ್ನೇ ತಗ್ಗಿಸುತ್ತವೆ. ಹೀಗಾಗಿ ಜೀನ್ ಸರಿ ಇದ್ದವರ ಚರ್ಮವೂ ಒಮ್ಮೆ ಉರಿಯೂತ ಹಿಡಿದರೆ ಸೋರತೊಡಗುತ್ತದೆ. ಈ ಎರಡು ಅಣುಗಳನ್ನು ತಡೆಯುವ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 2017ರಲ್ಲಿ ಇಸುಬಿಗೆಂದು, ಮರುವರ್ಷ ಉಬ್ಬಸಕ್ಕೆಂದು ಒಪ್ಪಿಗೆ ಸಿಕ್ಕಿತು. ಒಂದೇ ಔಷಧ ಚರ್ಮಕ್ಕೂ ಎದೆಗೂ ಕೆಲಸ ಮಾಡುತ್ತಿದೆ. ಬೇರು ಒಂದೇ ಎನ್ನಲು ಇನ್ನೇನು ಬೇಕು?

ಇಷ್ಟು ತಿಳಿದ ಮೇಲೆ ಡಬ್ಬಿಗೆ ಬರುತ್ತೇನೆ. ಪೆಟ್ರೋಲಿಯಂ ಜೆಲ್ಲಿ ಹೊಸದೇನಲ್ಲ. ರಾಬರ್ಟ್ ಚೀಸ್‌ಬರೊ ವ್ಯಾಸಲೀನ್ ಹೆಸರಿನಲ್ಲಿ ಇದರ ಪೇಟೆಂಟ್ ಪಡೆದದ್ದು 1872ರಲ್ಲಿ. ಚರ್ಮದಿಂದ ಆರಿಹೋಗುವ ನೀರನ್ನು ತಡೆಯುವುದರಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ದಪ್ಪ ಹಚ್ಚಿದರೆ ಶೇ. 98ರಷ್ಟು ತಡೆಯಬಲ್ಲದು ಎನ್ನುತ್ತಾರೆ. ಮೇಲೆ ಮುಚ್ಚಳದಂತೆ ಕೂತು ಒಳಗಿನ ರಿಪೇರಿಗೆ ಅಡ್ಡಿ ಮಾಡುತ್ತದೆ ಎಂಬ ಹಳೆಯ ಅನುಮಾನ ಸುಳ್ಳಾಗಿದೆ. ಹೊರಪದರದ ಕೋಶಗಳ ಸಂದಿಗಳಿಗೂ ಅದು ಇಳಿಯುತ್ತದೆ, ಅದರಡಿಯಲ್ಲಿ ಚರ್ಮ ತನ್ನ ಕೊಬ್ಬನ್ನು ಮತ್ತೆ ಕಟ್ಟಿಕೊಳ್ಳುತ್ತದೆ. 2016ರ ಒಂದು ಅಧ್ಯಯನದಲ್ಲಿ, ಇದನ್ನು ಹಚ್ಚಿದ ಜಾಗದಲ್ಲಿ ಫಿಲಾಗ್ರಿನ್ ಹಾಗೂ ಕ್ರಿಮಿಗಳನ್ನು ಎದುರಿಸುವ ಚರ್ಮದ್ದೇ ಪ್ರೋಟೀನುಗಳು ಹೆಚ್ಚಿದ್ದು ಕಂಡಿತು. ಆದರೆ ನಾನು ಇದನ್ನು ಮೆಚ್ಚುವ ಮುಖ್ಯ ಕಾರಣ ಬೇರೆ. ಇದರಲ್ಲಿ ಪ್ರೋಟೀನ್ ಇಲ್ಲ. ಸುವಾಸನೆ ಇಲ್ಲ. ನೀರಿಲ್ಲದ ಕಾರಣ ಕೆಡದಂತೆ ಹಾಕುವ ರಾಸಾಯನಿಕವೂ ಬೇಕಿಲ್ಲ. ಬಿರುಕು ಬಿಟ್ಟ ಚರ್ಮಕ್ಕೆ ‘ಇದು ಶತ್ರು’ ಎಂದು ಕಲಿಯಲು ಇದರಲ್ಲಿ ಏನೂ ಸಿಗುವುದಿಲ್ಲ.

ಇಲ್ಲೇ ನಾನು ನಮ್ಮ ಊರಿನ ಅತಿ ಪ್ರೀತಿಯ ಪದಾರ್ಥದ ಬಗ್ಗೆ ಗಟ್ಟಿಯಾಗಿ ಹೇಳಬೇಕಾಗಿದೆ. ಅದು ಕೂಸಿನ ಸ್ನಾನದ ಪುಡಿ. ಮನೆಯಲ್ಲಿ ಮಾಡುವುದಿರಲಿ, ಈಗ ಆನ್‌ಲೈನಿನಲ್ಲಿ ಚೆಂದದ ಬಟ್ಟೆಚೀಲದಲ್ಲಿ ಬರುವುದಿರಲಿ, ಪದಾರ್ಥಗಳ ಪಟ್ಟಿ ಓದಿ: ಹೆಸರುಹಿಟ್ಟು, ಕಡಲೆಹಿಟ್ಟು, ಗೋಧಿಹಿಟ್ಟು, ಬಾದಾಮಿ, ಹಾಲಿನ ಪುಡಿ, ಅರಿಶಿನ, ಬಜೆ. ಅರ್ಧಕ್ಕರ್ಧ ಅಡುಗೆಮನೆ. ಅದನ್ನು ಹಾಲಿನ ಕೆನೆಯಲ್ಲಿ ಕಲಸಿ, ಕೂಸಿನ ರೋಮ ಹೋಗಲಿ ಎಂದು ತಿಕ್ಕುತ್ತಾರೆ. ಚರ್ಮ ಗಟ್ಟಿ ಇರುವ ಕೂಸಿಗೆ ಇದರಿಂದ ಏನೂ ಆಗದಿರಬಹುದು. ಇಸುಬು ಇರುವ ಕೂಸಿಗೆ ಇದು ಎರಡು ಕೆಡುಕು ಒಟ್ಟಿಗೆ ಮಾಡುತ್ತದೆ: ತಿಕ್ಕಿ ತಿಕ್ಕಿ ಬಿರುಕು ದೊಡ್ಡದು ಮಾಡುತ್ತದೆ, ಆಮೇಲೆ ಅದೇ ಬಿರುಕಿಗೆ ನಾಳೆ ಊಟವಾಗಬೇಕಾದ ಪದಾರ್ಥದ ಪ್ರೋಟೀನು ತುಂಬುತ್ತದೆ.

ಇದು ಊಹೆಯ ಮಾತಲ್ಲ. ಬ್ರಿಟನ್ನಿನ ಬ್ರಿಸ್ಟಲ್ ಸುತ್ತಮುತ್ತಲಿನ ಸುಮಾರು 14 ಸಾವಿರ ಮಕ್ಕಳ ವಿವರಗಳನ್ನು ಇಟ್ಟುಕೊಂಡು ಗಿಡಿಯನ್ ಲ್ಯಾಕ್ ಎಂಬ ಮಕ್ಕಳ ಅಲರ್ಜಿ ತಜ್ಞರು 2003ರಲ್ಲಿ ಒಂದು ಲೇಖನ ಪ್ರಕಟಿಸಿದರು. ಶೇಂಗಾ ಅಲರ್ಜಿ ಬಂದ ಮಕ್ಕಳಲ್ಲಿ, ಎಳವೆಯಲ್ಲಿ ಶೇಂಗಾ ಎಣ್ಣೆ ಬೆರೆತ ಕ್ರೀಮುಗಳನ್ನು ಚರ್ಮಕ್ಕೆ ಹಚ್ಚಿಸಿಕೊಂಡವರು ಹೆಚ್ಚಿದ್ದರು. ಬಸುರಿಯಾಗಿದ್ದಾಗ ತಾಯಿ ಶೇಂಗಾ ತಿಂದದ್ದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಜಪಾನಿನ ಕಥೆ ಇನ್ನೂ ಸ್ಪಷ್ಟ. ಅಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಿದ ಒಂದು ಮುಖದ ಸೋಪು ಬಹಳ ಜನಪ್ರಿಯವಾಗಿತ್ತು. ಅದರಿಂದ ಮುಖ ತೊಳೆದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ, ಅಲ್ಲಿಯವರೆಗೆ ಆರಾಮಾಗಿ ಗೋಧಿ ತಿನ್ನುತ್ತಿದ್ದವರಿಗೆ, ಗೋಧಿ ಅಲರ್ಜಿ ಬಂತು. ಕೆಲವರಿಗೆ ಜೀವಕ್ಕೆ ಅಪಾಯವಾಗುವ ಮಟ್ಟದ್ದು. 2011ರಲ್ಲಿ ಸೋಪನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಆಸ್ಟ್ರೇಲಿಯಾದಲ್ಲಿ ಇಸುಬಿಗೆಂದು ಮೇಕೆ ಹಾಲಿನ ಸೋಪು, ಕ್ರೀಮು ಬಳಸಿದವರಲ್ಲಿ ಮೇಕೆ ಹಾಲಿನ ಅಲರ್ಜಿ ಕಾಣಿಸಿಕೊಂಡ ಪ್ರಕರಣಗಳಿವೆ. ಓಟ್ಸ್ ಪ್ರೋಟೀನ್ ಇರುವ ಕ್ರೀಮುಗಳ ಬಗ್ಗೆಯೂ ಫ್ರಾನ್ಸಿನಿಂದ ಇಂಥದೇ ಎಚ್ಚರಿಕೆ ಬಂದಿದೆ.

‘ನಾವೆಲ್ಲ ಕಡ್ಲಿಹಿಟ್ಟು ಹಚ್ಕೊಂಡೇ ಬೆಳದೀವಿ, ನಮಗೇನಾಗೈತಿ?’ ಎಂದು ಅಜ್ಜಿಯರು ಕೇಳುತ್ತಾರೆ. ಅವರ ಮಾತು ನಿಜ, ಅವರ ಕೈಯ ಎಣ್ಣೆ-ನೀರಿನಲ್ಲಿ ಎಷ್ಟೋ ಕೂಸುಗಳು ಬೆಳೆದಿವೆ. ನಾನು ಅವರಿಗೆ ಹೇಳುವುದಿಷ್ಟೇ: ‘ಅಜ್ಜೀ, ಒಡಕು ಇಲ್ಲದ ಮೈಗೆ ನಿಮ್ಮ ಪುಡಿ ನಡೀಲಿ. ಈ ಕೂಸಿನ ಮೈ ಒಡದೈತಿ. ಕಡ್ಲಿ, ಗೋಧಿ, ಬಾದಾಮಿ, ಹಾಲು ಎಲ್ಲ ಇವನ ಬಾಯಿಗೆ ಹೋಗ್ಲಿ, ಮೈಗೆ ಬ್ಯಾಡ.’ ಬಹಳ ಅಜ್ಜಿಯರು ಒಪ್ಪುತ್ತಾರೆ. ಒಡೆದ ಮೈಗೆ ಖಾರ ಹಚ್ಚಬಾರದು ಎಂಬುದು ಅವರಿಗೆ ನಾನು ಹೇಳಿಕೊಡಬೇಕಾದ ಮಾತಲ್ಲವಲ್ಲ.

ಬಾಯಿಗೆ ಹೋಗಲಿ ಎಂದದ್ದಕ್ಕೂ ಆಧಾರವಿದೆ. ಅದೇ ಲ್ಯಾಕ್ ಅವರ ತಂಡ ಲಂಡನ್ನಿನಲ್ಲಿ ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳನ್ನು, 4ರಿಂದ 11 ತಿಂಗಳ ವಯಸ್ಸಿನವರನ್ನು, ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಶೇಂಗಾ ತಿನ್ನಿಸಿದರು, ಇನ್ನೊಂದಕ್ಕೆ ಐದು ವರ್ಷದವರೆಗೆ ಕೊಡಲಿಲ್ಲ. 2015ರಲ್ಲಿ ಫಲಿತಾಂಶ ಬಂತು. ಮೊದಲ ಚರ್ಮ ಪರೀಕ್ಷೆಯಲ್ಲಿ ಶೇಂಗಾಕ್ಕೆ ಪ್ರತಿಕ್ರಿಯೆ ಇರದಿದ್ದ ಮಕ್ಕಳಲ್ಲಿ, ತಿನ್ನದೆ ಇದ್ದವರ ಪೈಕಿ ಶೇ. 13.7 ಮಂದಿಗೆ ಅಲರ್ಜಿ; ತಿಂದವರಲ್ಲಿ ಶೇ. 1.9 ಮಾತ್ರ. ಹೊಟ್ಟೆಯ ಮೂಲಕ ಬಂದದ್ದನ್ನು ದೇಹ ತನ್ನದೆಂದು ಒಪ್ಪಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕ ಬಂದದ್ದನ್ನು ಹಗೆ ಎನ್ನುತ್ತದೆ. ಇಸುಬು ಇದೆ ಎಂದು ಮೊಟ್ಟೆ, ಶೇಂಗಾ, ಗೋಧಿ ಎಲ್ಲ ಬಂದ್ ಮಾಡಿ ಕೂಸನ್ನು ಬಡಕಲು ಮಾಡುವವರು ಇದನ್ನು ಎರಡು ಸಲ ಓದಲಿ. ಹಾಗೆಂದು ಜೋರು ಇಸುಬಿನ ಕೂಸಿಗೆ ಮನೆಯಲ್ಲೇ ಪ್ರಯೋಗ ಬೇಡ. ಯಾವುದನ್ನು ಯಾವಾಗ ಶುರು ಮಾಡಬೇಕೆಂದು ಮಕ್ಕಳ ಡಾಕ್ಟರನ್ನು ಮೊದಲು ಕೇಳಬೇಕು. ಮತ್ತೆ, ಇಡೀ ಶೇಂಗಾ ಕಾಳು ಎಳೆ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅರೆದು ತೆಳ್ಳಗೆ ಮಾಡಿಯೇ ಕೊಡಬೇಕು.

ಎಣ್ಣೆಗಳ ವಿಷಯ. ಗಾಣದ ಶೇಂಗಾ ಎಣ್ಣೆಯನ್ನು ಒಡೆದ ಚರ್ಮಕ್ಕೆ ಹಚ್ಚಬೇಡಿ. ಗಾಣದಿಂದ ನೇರ ಬಂದ ಎಣ್ಣೆಯಲ್ಲಿ ಕಾಳಿನ ಪ್ರೋಟೀನು ಉಳಿದಿರುತ್ತದೆ. ದುಬಾರಿ ಆಲಿವ್ ಎಣ್ಣೆಯನ್ನು ಕೂಸಿನ ಮಾಲೀಸಿಗೆಂದು ಬಹಳ ಮಂದಿ ಕೇಳಿಕೊಂಡು ಬರುತ್ತಾರೆ. ಅದು ಹೊರಪದರವನ್ನು ಇನ್ನಷ್ಟು ಸಡಿಲ ಮಾಡುತ್ತದೆ ಎಂದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 2013ರಲ್ಲಿ ದೊಡ್ಡವರ ಚರ್ಮದ ಮೇಲೆ ಮಾಡಿದ ಪರೀಕ್ಷೆ ಹೇಳಿತು. ಸೂರ್ಯಕಾಂತಿ ಎಣ್ಣೆ ಆ ಕೆಡುಕು ಮಾಡಲಿಲ್ಲ. ನಮ್ಮ ಕೊಬ್ಬರಿ ಎಣ್ಣೆಗೆ ಮಾತ್ರ ನಾನು ಮನಸಾರೆ ಒಳ್ಳೆಯ ಮಾತು ಹೇಳುತ್ತೇನೆ. ಫಿಲಿಪೀನ್ಸಿನಲ್ಲಿ ಇಸುಬಿನ 117 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಖನಿಜ ಎಣ್ಣೆ ಹಚ್ಚಿದವರಿಗಿಂತ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿದವರ ಚರ್ಮ ಹೆಚ್ಚು ಸುಧಾರಿಸಿತು, ನೀರು ಆರುವುದೂ ಕಡಿಮೆಯಾಯಿತು. ಸೌಮ್ಯ ಇಸುಬಿಗೆ, ಅದರಲ್ಲೂ ಬೇಸಿಗೆಯಲ್ಲಿ, ಸುವಾಸನೆ ಬೆರೆಸದ ಕೊಬ್ಬರಿ ಎಣ್ಣೆ ಚೆನ್ನಾಗಿ ನಡೆಯುತ್ತದೆ. ಮಲ್ಲಿಗೆ ವಾಸನೆಯ ತಲೆಎಣ್ಣೆ ಅಲ್ಲ.

ಚರ್ಮದ ಗಾರೆಯಲ್ಲಿರುವ ಸೆರಮೈಡನ್ನೇ ಬೆರೆಸಿದ ಕ್ರೀಮುಗಳೂ ಒಳ್ಳೆಯವೇ. ಬೇಗ ಹೀರಿಕೊಳ್ಳುತ್ತವೆ, ಅಂಟುವುದಿಲ್ಲ, ಶಾಲೆಗೆ ಹೋಗುವ ಮಕ್ಕಳು ಜಗಳವಾಡದೆ ಹಚ್ಚಿಸಿಕೊಳ್ಳುತ್ತಾರೆ. ತೊಂದರೆ ದುಡ್ಡಿನದು. ಇಸುಬು ಇರುವ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಹಚ್ಚಬೇಕು ಎನ್ನುತ್ತದೆ ಬ್ರಿಟನ್ನಿನ ಮಾರ್ಗಸೂಚಿ. ವಾರಕ್ಕೆ! ನಮ್ಮಲ್ಲಿ ಐವತ್ತು ಗ್ರಾಮಿನ ಟ್ಯೂಬನ್ನು ಎರಡು ತಿಂಗಳು ಬರಿಸುತ್ತಾರೆ. ಆಮೇಲೆ ಕ್ರೀಮು ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಅದು ತಾಯಂದಿರ ತಪ್ಪಲ್ಲ, ಆ ಬೆಲೆಗೆ ಯಾರ ಕೈಯೂ ಹಿಡಿತ ಮಾಡುತ್ತದೆ. ಜೆಲ್ಲಿಯ ದೊಡ್ಡ ಡಬ್ಬಿ ಅಷ್ಟೇ ತೂಕದ ಸೆರಮೈಡ್ ಕ್ರೀಮಿನ ಬೆಲೆಯಲ್ಲಿ ಸಣ್ಣ ಪಾಲು. ಹಮಾಲಿ ಮಾಡುವವರ ಮನೆಯಲ್ಲೂ, ಗಿರಣಿ ಕೆಲಸದವರ ಮನೆಯಲ್ಲೂ ಕೈತುಂಬ ತೆಗೆದು ಹಚ್ಚಬಹುದು. ಹಚ್ಚುವ ಪ್ರಮಾಣವೇ ಇಲ್ಲಿ ಮುಖ್ಯ, ಹಾಗಾಗಿ ನನ್ನ ಮಟ್ಟಿಗೆ ಬೆಲೆ ಎಂಬುದು ಈ ಡಬ್ಬಿಯ ಔಷಧಗುಣಗಳಲ್ಲಿ ಒಂದು.

ಇನ್ನು ಇದು ಏನು ಮಾಡುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತೇನೆ. ಜೆಲ್ಲಿ ಉರಿಯೂತವನ್ನು ಇಳಿಸುವುದಿಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಉರಿಯೂತ ಪುಸ್ತಕದ ಚಿತ್ರದಂತೆ ಕೆಂಪಗೆ ಕಾಣುವುದಿಲ್ಲ; ಕಂದು, ನೇರಳೆಗಪ್ಪು, ಒರಟೊರಟು ಗುಳ್ಳೆಯಾಗಿ ಕಾಣುತ್ತದೆ. ಅಂಥ ಜಾಗಕ್ಕೆ ಡಾಕ್ಟರು ಬರೆದ ಸ್ಟಿರಾಯ್ಡ್ ಮುಲಾಮು ಬೇಕೇ ಬೇಕು. ಇಲ್ಲಿ ಎರಡು ಅತಿರೇಕಗಳನ್ನು ದಿನಾ ನೋಡುತ್ತೇನೆ. ಒಂದು, ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ ಸಾಸಿವೆ ಕಾಳಿನಷ್ಟು ಹಚ್ಚಿ ನಿಲ್ಲಿಸಿಬಿಡುವುದು. ಇನ್ನೊಂದು, ಚೀಟಿಯಿಲ್ಲದೆ ಬಂದು ಕ್ಲೋಬೆಟಸಾಲ್ ಎಂಬ ಬಹಳ ಜೋರಿನ ಸ್ಟಿರಾಯ್ಡ್, ಫಂಗಸ್ ಔಷಧ, ಆಂಟಿಬಯಾಟಿಕ್ ಮೂರೂ ಬೆರೆತ ಟ್ಯೂಬು ಕೇಳಿ ಕೂಸಿನ ಮುಖಕ್ಕೆ ಬಳಿಯುವುದು. ಎರಡನೆಯದನ್ನು ನಾನು ಕೊಡುವುದಿಲ್ಲ. ಆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆ ಎಂದು ಗೊತ್ತಿದ್ದರೂ ಕೊಡುವುದಿಲ್ಲ. ಸರಿಯಾದ ಅಳತೆ ಬಹಳ ಸುಲಭ: ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ. ಎಷ್ಟು ದಿನ ಎಂಬುದನ್ನು ಡಾಕ್ಟರು ಹೇಳಬೇಕು.

ಉರಿಯೂತವನ್ನು ಬೇಗ ಇಳಿಸಿದರೆ ಮುಂದಿನ ಅಲರ್ಜಿಗಳು ತಪ್ಪುತ್ತವೆಯೇ? ಜಪಾನಿನಲ್ಲಿ 650 ಎಳೆ ಕೂಸುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು-ಮೂರು ತಿಂಗಳಿಗೇ ಇಸುಬಿಗೆ ಸ್ಟಿರಾಯ್ಡ್ ಮುಲಾಮಿನ ಗಟ್ಟಿ ಚಿಕಿತ್ಸೆ ಪಡೆದ ಗುಂಪಿನಲ್ಲಿ ಮೊಟ್ಟೆ ಅಲರ್ಜಿ ಶೇ. 31.4, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 41.9. ಗಟ್ಟಿ ಚಿಕಿತ್ಸೆ ಪಡೆದವರ ತೂಕ, ಎತ್ತರ ಸ್ವಲ್ಪ ಕಡಿಮೆ ಇದ್ದವು, ಆದ್ದರಿಂದ ಅದು ಮನೆಮದ್ದಿನಂತೆ ತಾವೇ ಮಾಡಿಕೊಳ್ಳುವ ಕೆಲಸವಲ್ಲ. ಆದರೂ ಚರ್ಮವನ್ನು ಸರಿಮಾಡಿದರೆ ಊಟದ ಅಲರ್ಜಿಯೂ ತಗ್ಗಬಹುದು ಎಂಬುದಕ್ಕೆ ಇದು ದೊಡ್ಡ ಆಸರೆ.

ಆದರೆ ಚೆನ್ನಾಗಿರುವ ಕೂಸಿಗೆ ‘ಮುಂದೆ ಇಸುಬು ಬರದಿರಲಿ’ ಎಂದು ಡಬ್ಬಿಗಟ್ಟಲೆ ಕೊಳ್ಳುವ ತಾಯಂದಿರಿಗೆ ನಾನು ದುಡ್ಡು ಉಳಿಸಿಕೊಳ್ಳಿ ಎನ್ನುತ್ತೇನೆ. ಬ್ರಿಟನ್ನಿನಲ್ಲಿ 1,394 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು: ಮೊದಲ ವರ್ಷವಿಡೀ ದಿನಾ ಮಾಯಿಶ್ಚರೈಸರ್ ಹಚ್ಚಿದವರಲ್ಲಿ ಎರಡನೇ ವರ್ಷಕ್ಕೆ ಇಸುಬು ಶೇ. 23, ಹಚ್ಚದವರಲ್ಲಿ ಶೇ. 25. ಲಾಭವಿಲ್ಲ ಎಂದೇ ಲೆಕ್ಕ; ಚರ್ಮದ ಸೋಂಕು ಹಚ್ಚಿದವರಲ್ಲೇ ತುಸು ಹೆಚ್ಚು. ನಾರ್ವೆ, ಸ್ವೀಡನ್ನಿನ ದೊಡ್ಡ ಪರೀಕ್ಷೆಯೂ ಅದೇ ವರ್ಷ ಅದನ್ನೇ ಹೇಳಿತು. ಆಮೇಲೆ ಅಮೆರಿಕದ ಒಂದು ಪರೀಕ್ಷೆಯಲ್ಲಿ ಸ್ವಲ್ಪ ಲಾಭ ಕಂಡಿದ್ದು ನಿಜ, ಆದರೂ ಭರವಸೆ ಕೊಟ್ಟು ಮಾರುವಷ್ಟು ದೊಡ್ಡದಲ್ಲ. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ, ಹೆಚ್ಚು ಸಲ ಮಾಯಿಶ್ಚರೈಸರ್ ಹಚ್ಚಿದ ಕೂಸುಗಳಲ್ಲಿ ಊಟದ ಅಲರ್ಜಿ ಹೆಚ್ಚು ಕಂಡಿತು. ಹಚ್ಚುವವರ ಕೈಯಲ್ಲಿದ್ದ ಅಡುಗೆಯ ಕಣಗಳೂ ಜೊತೆಗೆ ಒಳಗೆ ಹೋಗಿರಬಹುದು ಎಂಬುದು ಅವರ ಅನುಮಾನ. ಅದಕ್ಕೇ ನಾನು ಡಬ್ಬಿ ಕೊಡುವಾಗ ತಪ್ಪದೆ ಹೇಳುತ್ತೇನೆ: ರೊಟ್ಟಿ ತಟ್ಟಿದ ಕೈಯಲ್ಲಿ, ಮೊಟ್ಟೆ ಒಡೆದ ಕೈಯಲ್ಲಿ, ಶೇಂಗಾಚಟ್ನಿ ಕಲಸಿದ ಕೈಯಲ್ಲಿ ಡಬ್ಬಿ ಮುಟ್ಟಬೇಡಿ. ಕೈ ತೊಳೆದು, ಒಣಗಿದ ಸ್ವಚ್ಛ ಚಮಚದಲ್ಲಿ ತೆಗೆದು, ಆಮೇಲೆ ಹಚ್ಚಿ.

ಈ ಡಬ್ಬಿಗೆ ಪೈಪೋಟಿ ಕೊಡುವ ಇನ್ನೊಂದು ಸರಕು ಅಲರ್ಜಿ ಪರೀಕ್ಷೆಯ ಪ್ಯಾಕೇಜು. ತಂಗಿ ಒಮ್ಮೆ ಒಂದು ಲ್ಯಾಬಿನಿಂದ ಉದ್ದ ಪಟ್ಟಿ ತಂದಳು. ಮಗ ದಿನಾ ತಿಂದು ಅರಗಿಸಿಕೊಳ್ಳುತ್ತಿದ್ದ ಅಕ್ಕಿ, ಬಾಳೆಹಣ್ಣು, ತೊಗರಿಬೇಳೆ ಎಲ್ಲದರ ಮುಂದೆ ಕೆಂಪು ಗುರುತು. ಅತ್ತೆಯ ಮನೆಯಲ್ಲಿ ಅಳು, ಉಪವಾಸದ ಮಾತು. ಇದರ ಬಗ್ಗೆ ನಮ್ಮದೇ ನಾಡಿನ ಅಧ್ಯಯನ ಇದೆ: ಬೆಂಗಳೂರು, ಮೈಸೂರಿನ ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ದು. ಯಾವುದಾದರೊಂದು ಆಹಾರಕ್ಕೆ ಐಜಿಇ ಇದ್ದವರು ಶೇ. 26.5, ನಿಜವಾಗಿ ಊಟದ ಅಲರ್ಜಿ ಇರಬಹುದಾದವರು ಶೇ. 1.2. ರಕ್ತದಲ್ಲಿ ಗುರುತು ಇದ್ದ ಮಾತ್ರಕ್ಕೆ ಅಲರ್ಜಿಯಲ್ಲ. ತಿಂದಾಗ ಏನಾಗುತ್ತದೆ ಎಂಬುದೇ ಮುಖ್ಯ. ಇಸುಬಿನ ಮಕ್ಕಳಲ್ಲಿ ಇಂಥ ಸುಳ್ಳು ಗುರುತುಗಳು ಇನ್ನೂ ಹೆಚ್ಚು. ಐಜಿಜಿ ಎಂಬ ಬೇರೆ ಪ್ರತಿಕಾಯವನ್ನು ಅಳೆಯುವ ಪರೀಕ್ಷೆಯ ಪ್ಯಾಕೇಜಂತೂ ಬೇಡವೇ ಬೇಡ. ಅದು ಆ ಪದಾರ್ಥವನ್ನು ತಿಂದಿದ್ದೀರಿ ಎಂದಷ್ಟೇ ಹೇಳುತ್ತದೆ. ಮಗನ ಪಟ್ಟಿಯನ್ನು ತಜ್ಞರಿಗೆ ತೋರಿಸಿದಾಗ ಅವರು ಮೊಟ್ಟೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ತಿನ್ನಲಿ ಎಂದರು. ಈಗ ಅವನು ಕೇಕಿನಲ್ಲಿ ಬೆಂದ ಮೊಟ್ಟೆಯನ್ನೂ ತಿನ್ನುತ್ತಾನೆ, ಅದೂ ಡಾಕ್ಟರ ಎದುರೇ ಪರೀಕ್ಷೆಯಾದ ಮೇಲೆ.

ಹೆದರಿದ ತಾಯಂದಿರಿಗೆ ಇನ್ನೊಂದು ಅಂಕಿ. ಇಸುಬು ಬಂದ ಮಗುವಿಗೆ ಉಬ್ಬಸ, ಆಮೇಲೆ ಸೀನು ಸಾಲಾಗಿ ಬಂದೇ ಬರುತ್ತವೆ ಎಂದು ಭಾವಿಸಬೇಡಿ. ಬ್ರಿಟನ್ನಿನ ಸುಮಾರು 9,800 ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಅಧ್ಯಯನದಲ್ಲಿ, ಲಕ್ಷಣಗಳಿದ್ದ ಮಕ್ಕಳ ಪೈಕಿ ಆ ಪೂರ್ತಿ ಸಾಲು ಕಂಡದ್ದು ನೂರಕ್ಕೆ ಏಳರಷ್ಟು ಮಂದಿಯಲ್ಲಿ ಮಾತ್ರ. ಬಹಳ ಮಕ್ಕಳಿಗೆ ಇಸುಬು ಬಂದು, ತಗ್ಗಿ, ಅಲ್ಲಿಗೇ ಮುಗಿಯುತ್ತದೆ. ಎಳವೆಯಲ್ಲೇ ಶುರುವಾದ, ಜೋರಾದ, ಬಹುಕಾಲ ನಿಂತ ಇಸುಬಿಗೆ ಹೆಚ್ಚು ಎಚ್ಚರ ಬೇಕು.

ನೀರಿನ ಬಗ್ಗೆ ಚುಟುಕಾಗಿ. ನಮ್ಮ ಬೋರ್‌ವೆಲ್ ನೀರು ಗಡಸು, ಅದಕ್ಕೆ ಸೋಪು ಸೇರಿದರೆ ಚರ್ಮಕ್ಕೆ ಕೆಟ್ಟದ್ದೇ. ಆದರೆ ಸಾವಿರಾರು ರೂಪಾಯಿ ಕೊಟ್ಟು ನೀರು ಮೆದು ಮಾಡುವ ಯಂತ್ರ ಕೂರಿಸಿದರೆ ಇಸುಬು ತಗ್ಗುವುದಿಲ್ಲ. ಇಂಗ್ಲೆಂಡಿನಲ್ಲಿ 336 ಮಕ್ಕಳ ಮನೆಗಳಲ್ಲಿ ಪರೀಕ್ಷಿಸಿ 2011ರಲ್ಲೇ ಹೇಳಿದ್ದಾರೆ. ಉಗುರುಬೆಚ್ಚಗಿನ ನೀರು, ಸುವಾಸನೆಯಿಲ್ಲದ ಸೌಮ್ಯ ಕ್ಲೆನ್ಸರು, ಒರೆಸದೆ ಬಟ್ಟೆ ಒತ್ತಿ ಹಸಿ ತೆಗೆದು, ಮೈ ಇನ್ನೂ ತೇವ ಇರುವಾಗಲೇ ಜೆಲ್ಲಿ. ಅಷ್ಟು ಸಾಕು.

ಅರ್ಧ ಅಂಕ ಕಳೆದದ್ದು ಇದಕ್ಕೆ. ಏಪ್ರಿಲ್‌ನಲ್ಲಿ ನಮ್ಮೂರಿನ ಬಿಸಿಲು ನಲವತ್ತರ ಹತ್ತಿರ ಹೋದಾಗ ಈ ಜೆಲ್ಲಿ ಮೈಮೇಲೆ ಅಂಟಂಟು, ಬೆವರು ಕಟ್ಟಿ ಸೆಕೆಗುಳ್ಳೆ ಏಳುತ್ತವೆ, ರೋಮದ ಬುಡದಲ್ಲಿ ಕೀವುಗುಳ್ಳೆಯೂ ಆಗಬಹುದು. ಆ ಎರಡು-ಮೂರು ತಿಂಗಳು ತೆಳು ಕ್ರೀಮಿಗೆ ಬದಲಾಯಿಸಿ, ಜೆಲ್ಲಿಯನ್ನು ಮೊಣಕೈ, ಮೊಣಕಾಲಿನ ಒಡಕಿಗಷ್ಟೇ ಇಟ್ಟುಕೊಳ್ಳಿ. ಹಾಸಿಗೆ, ಬಟ್ಟೆಗೆ ಜಿಡ್ಡಿನ ಕಲೆ ಹಿಡಿಯುತ್ತದೆ. ಆ ಜಿಡ್ಡು ಹೀರಿದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ ಎಂದು ಬ್ರಿಟನ್ನಿನ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ದೇವರ ದೀಪದ ಹತ್ತಿರ, ಒಲೆಯ ಹತ್ತಿರ, ದೀಪಾವಳಿಯ ಪಟಾಕಿಯ ಹೊತ್ತಿಗೆ ಆ ಅಂಗಿ ಬದಲಿಸಿಯೇ ಮಗುವನ್ನು ಬಿಡಿ.

ಕೊಳ್ಳುವಾಗ ಐಪಿ ಗುರುತು, ಮುರಿಯದ ಸೀಲು, ‘ವೈಟ್’ ಎಂಬ ಪದ ನೋಡಿಕೊಳ್ಳಿ. ಗಾಡಿಗೆ ಹಾಕುವ ಹಳದಿ ಗ್ರೀಸು ಬೇರೆ, ಇದು ಬೇರೆ. ಬೇಬಿ ಜೆಲ್ಲಿ ಎಂದು ಗುಲಾಬಿ ವಾಸನೆ ಹಾಕಿದ್ದೂ ಬೇಡ. ಮತ್ತೆ ಮಗುವಿನ ಇಸುಬಿನಲ್ಲಿ ಜೇನುಬಣ್ಣದ ಹಕ್ಕಳೆ ಕಟ್ಟಿ ಕೀವು ಒಸರುತ್ತಿದ್ದರೆ ಅದು ಸೋಂಕು, ಮೊದಲು ಡಾಕ್ಟರು. ಜ್ವರದ ಜೊತೆ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ ಎದ್ದು, ಒಡೆದು, ಗುಂಡಗೆ ಕೊರೆದಂತೆ ಗಾಯವಾಗಿದ್ದರೆ ಅದು ಹರ್ಪಿಸ್ ವೈರಸ್ ಇರಬಹುದು, ಒಂದು ದಿನವೂ ಕಾಯುವಂತಿಲ್ಲ. ಅಂಥ ಮಗು ಕೌಂಟರಿಗೆ ಬಂದರೆ ನಾನು ಡಬ್ಬಿ ತೆಗೆಯುವುದೇ ಇಲ್ಲ. ಆಟೋ ಹತ್ತಿಸಿ, ನೇರ ಚಿಗಟೇರಿ ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ.